ಬಾಲುವಾಟಾರದಲ್ಲಿ ಮಾತುಕತೆ, ಬಾನೇಶ್ವರದಲ್ಲಿ ಕಾಯುವ ಕೆಲಸ: ನೇಪಾಳ ತನ್ನ ಸಂವಿಧಾನ ಬರೆದ ಬಗೆ

ಪ್ರಧಾನಿ ಚುನಾವಣೆಗೆ ಒಬ್ಬರೇ ನಿಂತಿದ್ದಾರೆ. ಎದುರಿಗೆ ಯಾರೂ ಇಲ್ಲ. ಆದರೂ ಸೋಲುತ್ತಾರೆ. ಒಂದು ಸಲ ಸೋತರೆ ಹೋಗಲಿ ಅನ್ನಬಹುದು, ಇವರು ಮತ್ತೆ ಮತ್ತೆ ಸೋಲುತ್ತಾರೆ.

2010ರಲ್ಲಿ ಕಠ್ಮಂಡುವಿನಲ್ಲಿ ನಿಜವಾಗಿ ನಡೆದದ್ದು ಇದು. ಜೂನ್ ಕೊನೆಯಲ್ಲಿ ಪ್ರಧಾನಿ ಮಾಧವ್ ಕುಮಾರ್ ನೇಪಾಳ್ ರಾಜೀನಾಮೆ ಕೊಟ್ಟರು. ಜುಲೈನಲ್ಲಿ ಹೊಸ ಪ್ರಧಾನಿಗಾಗಿ ಮತದಾನ ಶುರುವಾಯಿತು. ಮಾವೋವಾದಿಗಳ ಕಡೆಯಿಂದ ಪ್ರಚಂಡ, ನೇಪಾಳಿ ಕಾಂಗ್ರೆಸ್ಸಿನಿಂದ ರಾಮಚಂದ್ರ ಪೌಡೆಲ್. ಏಳು ಸುತ್ತು ಮುಗಿದರೂ ಇಬ್ಬರಿಗೂ ಬಹುಮತ ಸಿಗಲಿಲ್ಲ. ಪ್ರಚಂಡ ಹಿಂದೆ ಸರಿದರು. ಈಗ ಕಣದಲ್ಲಿ ಪೌಡೆಲ್ ಒಬ್ಬರೇ. ಆದರೆ ಉಳಿದ ದೊಡ್ಡ ಪಕ್ಷಗಳೆಲ್ಲ “ನಾವು ತಟಸ್ಥ” ಅಂತ ಕೂತುಬಿಟ್ಟವು. ಬೇಡ ಅಂತಲೂ ಹೇಳಲ್ಲ, ಬೇಕು ಅಂತಲೂ ಹೇಳಲ್ಲ. ಹೀಗೇ 16 ಸುತ್ತು ಹೋದವು. ಕೊನೆಗೆ ನಿಯಮವನ್ನೇ ಬದಲಾಯಿಸಿ, 2011ರ ಫೆಬ್ರವರಿ 3ರಂದು 17ನೇ ಸಲ ಮತ ಹಾಕಿದಾಗ ಎಮಾಲೆ ಅನ್ನುವ ಕಮ್ಯುನಿಸ್ಟ್ ಪಕ್ಷದ ಝಲನಾಥ್ ಖನಾಲ್ ಪ್ರಧಾನಿಯಾದರು.

ಇಷ್ಟು ಹೊತ್ತು ಎಲ್ಲರೂ ಯಾವುದಕ್ಕೆ ಕಾಯುತ್ತಿದ್ದರು? ಸದನದ ಹೊರಗೆ ನಡೆಯುತ್ತಿದ್ದ ಒಪ್ಪಂದಕ್ಕೆ. ಯಾರಿಗೆ ಪ್ರಧಾನಿ, ಯಾರಿಗೆ ಗೃಹ ಖಾತೆ, ಯಾರಿಗೆ ಏನು. ನೇಪಾಳಿಯಲ್ಲಿ ಇದಕ್ಕೊಂದು ಪದ ಇದೆ, ಭಾಗಬಂಡಾ. ನಾವು ಪಾಲು ಹಂಚಿಕೆ ಅಂತೀವಲ್ಲ, ಅದೇ. ಅಲ್ಲಿನ ಪತ್ರಿಕೆಗಳಲ್ಲಿ, ಚಹಾ ಅಂಗಡಿಗಳಲ್ಲಿ ರಾಜಕೀಯದ ಮಾತು ಬಂದರೆ ಈ ಪದ ಬರದೇ ಇರುವುದಿಲ್ಲ.

ಗಮನಿಸಬೇಕಾದ ವಿಷಯ ಏನೆಂದರೆ, ಏಳು ತಿಂಗಳು ಪ್ರಧಾನಿಯನ್ನು ಆರಿಸಲಾಗದೆ ಕೂತಿದ್ದ ಅದೇ ಸಭೆ ದೇಶಕ್ಕೆ ಸಂವಿಧಾನವನ್ನೂ ಬರೆಯಬೇಕಿತ್ತು.

ರಾಜಕೀಯ ಸಂಸ್ಕೃತಿ ಅನ್ನೋದು ಸ್ವಲ್ಪ ಭಾರದ ಪದ. ಸರಳವಾಗಿ ಹೇಳಬೇಕೆಂದರೆ, ಪುಸ್ತಕದಲ್ಲಿ ಬರೆದ ನಿಯಮ ಏನೇ ಇರಲಿ, ನಾಯಕರು ಮತ್ತು ಜನ ಅಭ್ಯಾಸಬಲದಿಂದ ಏನು ಮಾಡುತ್ತಾರೋ ಅದು. ಕೆಲಸ ಆಗಬೇಕಾದರೆ ಯಾರ ಮನೆಗೆ ಹೋಗುತ್ತಾರೆ? ಸೋತವರು ಸುಮ್ನೆ ಮನೆಗೆ ಹೋಗುತ್ತಾರಾ, ಬೀದಿಗಿಳಿಯುತ್ತಾರಾ? ಎದುರಿನವನು ಕೊಟ್ಟ ಮಾತನ್ನು ಎಷ್ಟು ನಂಬುತ್ತಾರೆ? ರಾಜ ಹೋಗಿ, ಚುನಾವಣೆ ಬಂದು, ಎಲ್ಲರೂ ಸೇರಿ ಹೊಸ ಸಂವಿಧಾನ ಬರೆಯಲು ಕೂತಾಗ ಮೇಜಿನ ಮೇಲೆ ಖಾಲಿ ಹಾಳೆ ಇರುತ್ತದೆ ನಿಜ. ಆದರೆ ಪೆನ್ನು ಹಿಡಿದವರು ಹಳಬರೇ ಅಲ್ವಾ? ಅವರ ಕೈಗೆ ಹಳೆಯ ರೂಢಿ ಅಂಟಿಕೊಂಡೇ ಇರುತ್ತದೆ. ಅಣ್ಣತಮ್ಮಂದಿರು ಪಾಲುಪಟ್ಟಿ ಬರೆಯುವಾಗ ನೋಡಿ, ಆಸ್ತಿ ಬೇಕಾದವರೇ ಪತ್ರವನ್ನೂ ಬರೆಯುತ್ತಾರೆ. ಬಾವಿ ಯಾರ ಕಡೆಗೆ ಅನ್ನುವ ಸಾಲಿನಲ್ಲಿ ಇಪ್ಪತ್ತು ವರ್ಷದ ಹಿಂದಿನ ಜಗಳ ಇಣುಕುತ್ತದೆ.

ನೇಪಾಳದ ವಿಷಯದಲ್ಲಿ ಈ ರೂಢಿ ಎಲ್ಲಿಂದ ಬಂತು ಅನ್ನೋದನ್ನು ಸ್ವಲ್ಪ ನೋಡಬೇಕು. ಇಲ್ಲದಿದ್ದರೆ “ನೇಪಾಳಿಗಳೇ ಹಾಗೆ” ಅಂದು ಕೈತೊಳೆದುಕೊಳ್ಳುವ ಅಪಾಯ ಇದೆ.

1951ರಲ್ಲಿ, ರಾಜನನ್ನು ಹೆಸರಿಗಷ್ಟೇ ಇಟ್ಟುಕೊಂಡು ತಾವೇ ಆಳುತ್ತಿದ್ದ ರಾಣಾ ಮನೆತನದ ಆಳ್ವಿಕೆ ಮುಗಿದಾಗ ರಾಜ ತ್ರಿಭುವನ್ ಜನರಿಗೆ ಒಂದು ಮಾತು ಕೊಟ್ಟರು: ನೀವೇ ಆರಿಸಿದ ಸಭೆ ನಿಮ್ಮ ಸಂವಿಧಾನ ಬರೆಯುತ್ತದೆ ಅಂತ. ಆ ಸಭೆ ಸೇರಲೇ ಇಲ್ಲ. 1959ರಲ್ಲಿ ಮಗ ಮಹೇಂದ್ರ ತಾವೇ ಒಂದು ಸಂವಿಧಾನ ದಯಪಾಲಿಸಿದರು. ಅದರಡಿ ಗೆದ್ದು ಬಂದ ಬಿ.ಪಿ. ಕೊಯಿರಾಲಾ ಸರ್ಕಾರವನ್ನು 1960ರ ಡಿಸೆಂಬರಿನಲ್ಲಿ ಅವರೇ ಕಿತ್ತುಹಾಕಿ, ಪ್ರಧಾನಿಯನ್ನು ಜೈಲಿಗೆ ಹಾಕಿದರು. ಆಮೇಲೆ 30 ವರ್ಷ ಪಂಚಾಯತ್ ವ್ಯವಸ್ಥೆ, ಹೆಸರಿಗೆ ಪಂಚಾಯಿತಿ, ಅಧಿಕಾರವೆಲ್ಲ ರಾಜನ ಕೈಯಲ್ಲಿ. ಪಕ್ಷಗಳಿಗೆ ಪೂರ್ತಿ ನಿಷೇಧ.

ಈ 30 ವರ್ಷ ಬಹಳ ಮುಖ್ಯ ಅಂತ ನನ್ನ ಲೆಕ್ಕ. ಕಾಂಗ್ರೆಸ್ ಇರಲಿ, ಕಮ್ಯುನಿಸ್ಟರಿರಲಿ, ನೇಪಾಳದ ಪಕ್ಷಗಳು ಬೆಳೆದದ್ದು ಜೈಲಿನಲ್ಲಿ, ಬನಾರಸಿನ ಬಾಡಿಗೆ ಕೋಣೆಗಳಲ್ಲಿ, ಭೂಗತ ಸಭೆಗಳಲ್ಲಿ. ಅಂಥ ಕಡೆ ಹತ್ತು ಜನರನ್ನು ಕೂರಿಸಿ ಬಾಯಿಬಿಟ್ಟು ಚರ್ಚೆ ಮಾಡಲು ಆಗುವುದಿಲ್ಲ, ಒಬ್ಬ ಹೋಗಿ ಪೊಲೀಸರಿಗೆ ಹೇಳಿದರೆ ಮುಗಿಯಿತು. ಹಾಗಾಗಿ ನಂಬಿಗಸ್ತ ನಾಲ್ಕು ಜನ ತೀರ್ಮಾನ ಮಾಡುತ್ತಾರೆ, ಉಳಿದವರು ಪಾಲಿಸುತ್ತಾರೆ. ಪ್ರಾಣ ಉಳಿಸಿಕೊಳ್ಳಲು ಆಗ ಇದು ಬೇಕಿತ್ತು. ಜೊತೆಗೆ ಅರಮನೆಯ ಕಾಲದಿಂದ ಬಂದ ಇನ್ನೊಂದು ರೂಢಿ, ಚಾಕರಿ. ದೊಡ್ಡವರ ಮನೆ ಬಾಗಿಲಲ್ಲಿ ದಿನಾ ಮುಖ ತೋರಿಸಿ, ಓಲೈಸಿ, “ಆಫ್ನೋ ಮಾನ್ಛೆ” ಅಂದರೆ ನಮ್ಮವನು ಅನಿಸಿಕೊಳ್ಳುವುದು. 1990ರಲ್ಲಿ ನಿಷೇಧ ಹೋಗಿ, ಬಹಿರಂಗ ರಾಜಕೀಯ ಮಾಡುವ ಕಾಲ ಬಂದ ಮೇಲೂ ಇವೆರಡೂ ಹೋಗಲಿಲ್ಲ.

2006ರ ಏಪ್ರಿಲಿನಲ್ಲಿ 19 ದಿನದ ಜನಾಂದೋಲನ ನಡೆಯಿತು. ನೇರವಾಗಿ ಅಧಿಕಾರ ಹಿಡಿದಿದ್ದ ರಾಜ ಜ್ಞಾನೇಂದ್ರ ಮಣಿದರು. ಹತ್ತು ವರ್ಷದ ಮಾವೋವಾದಿ ಯುದ್ಧ ಅದೇ ನವೆಂಬರಿನ ಶಾಂತಿ ಒಪ್ಪಂದದಲ್ಲಿ ಮುಗಿಯಿತು. 2008ರ ಏಪ್ರಿಲ್ 10ರಂದು ಸಂವಿಧಾನ ಸಭೆಗೆ ಚುನಾವಣೆ ಆಗಿ, ಮೇ 28ರಂದು ಮೊದಲ ಬೈಠಕ್ಕಿನಲ್ಲೇ ರಾಜಪ್ರಭುತ್ವ ರದ್ದಾಯಿತು. 601 ಸದಸ್ಯರು. ಅದರಲ್ಲಿ 197 ಮಹಿಳೆಯರು. ದಲಿತರು, ಜನಜಾತಿಯವರು ಅಂದರೆ ಬುಡಕಟ್ಟು ಸಮುದಾಯದವರು, ಭಾರತದ ಗಡಿಗೆ ಹೊಂದಿದ ದಕ್ಷಿಣದ ಬಯಲಿನ ಮಧೇಸಿಗಳು, ಅದೇ ಬಯಲಿನ ಆದಿವಾಸಿ ಥಾರುಗಳು ಎಲ್ಲ ಇದ್ದರು. ಬೆಟ್ಟದ ಮೇಲ್ಜಾತಿಯ ಗಂಡಸರೇ ತುಂಬಿರುತ್ತಿದ್ದ ಸಿಂಹದರ್ಬಾರ್ (ಸರ್ಕಾರದ ಮುಖ್ಯ ಕಚೇರಿ) ರಾಜಕೀಯಕ್ಕೆ ಇದು ದೊಡ್ಡ ಮಾತು, ಸುಮ್ನೆ ಅಲ್ಲ.

ಆದರೆ ಈ ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬಂದದ್ದು ಹೇಗೆ ಅಂತ ನೋಡಿ. 240 ಸ್ಥಾನಕ್ಕೆ ನೇರ ಚುನಾವಣೆ. 335 ಸ್ಥಾನ ಪಕ್ಷಗಳಿಗೆ ಬಿದ್ದ ಮತಗಳ ಪ್ರಮಾಣದಲ್ಲಿ. ಉಳಿದ 26 ನಾಮನಿರ್ದೇಶನ. ಪ್ರಮಾಣದ ಲೆಕ್ಕದಲ್ಲಿ ಪಕ್ಷ ಉದ್ದದ ಪಟ್ಟಿ ಕೊಡುತ್ತದೆ, ಫಲಿತಾಂಶ ಬಂದ ಮೇಲೆ ಆ ಪಟ್ಟಿಯಲ್ಲಿ ಯಾರು ಒಳಗೆ, ಯಾರು ಹೊರಗೆ ಅಂತ ಆರಿಸುವುದು ಪಕ್ಷದ ನಾಯಕರು. ಅಂದರೆ ಕುರ್ಚಿ ಸಿಕ್ಕಿದ್ದು ಸಮುದಾಯದ ಹೆಸರಲ್ಲಿ, ಋಣ ಇದ್ದದ್ದು ನಾಯಕನಿಗೆ. ಹೊಸ ವ್ಯವಸ್ಥೆಯ ಒಳಗೆ ಹಳೆಯ ಚಾಕರಿ ಹೀಗೆ ನುಸುಳಿತು.

ಇಲ್ಲಿ ಕನ್ನಡಿಗರಿಗೆ ನೇರವಾಗಿ ತಗುಲಿದ ಒಂದು ಪ್ರಸಂಗ ಹೇಳಿಬಿಡುತ್ತೇನೆ. ಕಠ್ಮಂಡುವಿನ ಪಶುಪತಿನಾಥನ ಮೂಲ ಭಟ್ಟರು, ಅಂದರೆ ಮುಖ್ಯ ಅರ್ಚಕರು, ದಕ್ಷಿಣ ಭಾರತದವರು, ಅದರಲ್ಲೂ ನಮ್ಮ ಕರ್ನಾಟಕದವರೇ ಹೆಚ್ಚು. ಅವರ ನೇಮಕಕ್ಕೆ ಅರಮನೆಯ ಒಪ್ಪಿಗೆ ಬೇಕಿತ್ತು. ರಾಜ ಹೋದ ಆರೇಳು ತಿಂಗಳಿಗೇ, 2008ರ ಕೊನೆಯ ಹೊತ್ತಿಗೆ, ಪ್ರಚಂಡ ಅವರ ಸರ್ಕಾರದ ಕಾಲದಲ್ಲಿ ಈ ಭಟ್ಟರ ಜಾಗಕ್ಕೆ ನೇಪಾಳಿ ಅರ್ಚಕರನ್ನು ನೇಮಿಸಲಾಯಿತು. ನೇಪಾಳದ ದೇವಸ್ಥಾನಕ್ಕೆ ನೇಪಾಳಿಗಳೇ ಅರ್ಚಕರಾಗಲಿ ಅನ್ನುವುದು ತಪ್ಪು ವಾದವೇನಲ್ಲ. ಆದರೆ ಒಂದು ಕಾನೂನು ಮಾಡಿ, ಅರ್ಜಿ ಕರೆದು, ಆರಿಸುವ ದಾರಿ ಹಿಡಿಯಲಿಲ್ಲ. ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಭಕ್ತರು ಬೀದಿಗಿಳಿದರು, ಸರ್ಕಾರ ಹಿಂದೆ ಸರಿಯಿತು. ರಾಜ ಎದ್ದುಹೋದ ಕುರ್ಚಿಯಲ್ಲಿ ಪಕ್ಷ ಬಂದು ಕೂತಿತು, ಕುರ್ಚಿ ಮಾತ್ರ ಅದೇ.

ಸಂವಿಧಾನಕ್ಕೆ ಮರಳೋಣ. ಆ ಸಭೆಗೆ ಎರಡು ಕೆಲಸ ಇದ್ದವು. ಅದೇ ಸಂಸತ್ತು, ಅದೇ ಸಂವಿಧಾನ ಸಭೆ. ನಮ್ಮಲ್ಲೂ ಹಾಗೇ ಇತ್ತಲ್ವಾ ಅಂತ ನೀವು ಕೇಳಬಹುದು. ಹೌದು, ಇತ್ತು. ಆದರೆ ನಮ್ಮಲ್ಲಿ ಒಂದೇ ಪಕ್ಷಕ್ಕೆ ಭಾರಿ ಬಹುಮತ ಇತ್ತು, ನೆಹರೂ ಸರ್ಕಾರ ನಾಳೆ ಬೆಳಗ್ಗೆ ಬೀಳುತ್ತದೆ ಅನ್ನುವ ಭಯ ಯಾರಿಗೂ ಇರಲಿಲ್ಲ. ನೇಪಾಳದಲ್ಲಿ ಯಾರಿಗೂ ಬಹುಮತ ಇಲ್ಲ. ನಾಲ್ಕು ವರ್ಷದಲ್ಲಿ ನಾಲ್ಕು ಪ್ರಧಾನಿಗಳು. ಹಾಗಾಗಿ ಸಂವಿಧಾನದ ಪ್ರತಿಯೊಂದು ವಿಧಿಯೂ ಕುರ್ಚಿಯ ಚೌಕಾಸಿಗೆ ಒದಗುವ ಸರಕಾಯಿತು. ನೀನು ನನ್ನನ್ನು ಪ್ರಧಾನಿ ಮಾಡು, ನಾನು ಪ್ರಾಂತ್ಯದ ವಿಷಯದಲ್ಲಿ ಸಡಿಲ ಬಿಡುತ್ತೇನೆ ಅನ್ನೋ ಥರ.

ಹಾಗಂತ ಸದಸ್ಯರು ಕೆಲಸ ಮಾಡಲಿಲ್ಲ ಅಂದರೆ ಅನ್ಯಾಯವಾಗುತ್ತದೆ. ವಿಷಯವಾರು ಸಮಿತಿಗಳು ಪ್ರಶ್ನಾವಳಿ ಹಿಡಿದು ಜಿಲ್ಲೆ ಜಿಲ್ಲೆಗೆ ಹೋಗಿ ಬಂದವು, ದಪ್ಪ ದಪ್ಪ ವರದಿ ಕೊಟ್ಟವು. ಆಮೇಲೆ ಆ ವರದಿಗಳು ಎಲ್ಲಿ ಹೋದವು? ಮೂರು ನಾಲ್ಕು ಪಕ್ಷಗಳ ಅಧ್ಯಕ್ಷರ ಮುಂದೆ. “ಸಹಮತಿ ಆಗಲಿ, ಆಮೇಲೆ ಸಭೆಗೆ ತರೋಣ” ಅನ್ನುವುದು ಮಂತ್ರವಾಯಿತು. ಕೇಳಲು ಎಷ್ಟು ಚೆನ್ನಾಗಿದೆ, ಸಹಮತಿ! ಎಲ್ಲರೂ ಒಪ್ಪಿ ಮುಂದೆ ಹೋಗೋಣ ಅಂತ. ವಾಸ್ತವದಲ್ಲಿ ಸಹಮತಿ ಅಂದರೆ ದೊಡ್ಡ ನಾಯಕರ ನಡುವಿನ ಸಹಮತಿ, ಮತ್ತು ಆ ನಾಯಕರೆಲ್ಲ ಹೆಚ್ಚು ಕಡಿಮೆ ಬೆಟ್ಟದ ಮೇಲ್ಜಾತಿಯ ಗಂಡಸರೇ.

ದೊಡ್ಡ ಜಗಳ ಇದ್ದದ್ದು ಪ್ರಾಂತ್ಯಗಳ ಬಗ್ಗೆ. ಎಷ್ಟು ಪ್ರಾಂತ್ಯ, ಗಡಿ ಎಲ್ಲಿ, ಹೆಸರು ಏನು. ಸಭೆಯ ಸಮಿತಿ 14 ಅಂದಿತು. ಆಮೇಲೆ ನೇಮಿಸಿದ ಆಯೋಗದ ಬಹುಮತ 11 ಅಂದಿತು, ಅಲ್ಪಮತ 6 ಅಂದಿತು. ಜನಜಾತಿಯವರಿಗೆ, ಮಧೇಸಿಗಳಿಗೆ ಇದು ಗುರುತಿನ ಪ್ರಶ್ನೆ. ಕಠ್ಮಂಡುವಿನ ಹಳಬರಿಗೆ ಇದು ದೇಶ ಒಡೆಯುವ ಪ್ರಶ್ನೆ. ಸಭೆಯ ಅವಧಿಯನ್ನು ನಾಲ್ಕು ಸಲ ವಿಸ್ತರಿಸಿದರು. ಇನ್ನು ಸಾಕು ಅಂತ ಸುಪ್ರೀಂ ಕೋರ್ಟ್ ಹೇಳಿತು.

2012ರ ಮೇ 27, ಕೊನೆಯ ದಿನ. ನಯಾ ಬಾನೇಶ್ವರದ ಸಭಾಭವನದಲ್ಲಿ ಸದಸ್ಯರು ಕಾಯುತ್ತಾ ಇದ್ದಾರೆ. ಹೊರಗೆ ರಸ್ತೆಯಲ್ಲಿ ಬೇರೆ ಬೇರೆ ಗುಂಪುಗಳ ಘೋಷಣೆ, ಪೊಲೀಸರು. ನಾಯಕರು ಮಾತ್ರ ಅಲ್ಲಿಲ್ಲ. ಅವರು ಊರಿನ ಇನ್ನೊಂದು ಕಡೆ, ಬಾಲುವಾಟಾರದ ಪ್ರಧಾನಿ ನಿವಾಸದಲ್ಲಿ ಮಾತಾಡುತ್ತಿದ್ದಾರೆ. ಮಧ್ಯರಾತ್ರಿ ಹತ್ತಿರ ಬಂತು. ಪ್ರಧಾನಿ ಬಾಬುರಾಂ ಭಟ್ಟರಾಯ್ ಹೊಸ ಚುನಾವಣೆ ಘೋಷಿಸಿದರು. ಕೊನೆಯ ಬೈಠಕ್ಕು ಸೇರಲೇ ಇಲ್ಲ. ದೇಶದ ಭವಿಷ್ಯ ಬರೆಯಲು ಆರಿಸಿ ಬಂದ 600 ಜನ ಬೇಕು, ಬೇಡ ಅಂತ ಒಂದು ಮತವನ್ನೂ ಹಾಕದೆ ಮನೆಗೆ ಹೋದರು.

ಹೊಸ ಚುನಾವಣೆ ಯಾರ ಸರ್ಕಾರದಡಿ ನಡೆಯಬೇಕು ಅನ್ನುವುದಕ್ಕೂ ಪಕ್ಷಗಳಲ್ಲಿ ನಂಬಿಕೆ ಇರಲಿಲ್ಲ. ಕೊನೆಗೆ 2013ರ ಮಾರ್ಚಿನಲ್ಲಿ ಮುಖ್ಯ ನ್ಯಾಯಮೂರ್ತಿ ಖಿಲ್ ರಾಜ್ ರೆಗ್ಮಿ ಅವರನ್ನೇ ಸರ್ಕಾರದ ಮುಖ್ಯಸ್ಥರನ್ನಾಗಿ ಕೂರಿಸಿದರು. ಎರಡು ತಂಡ ಜಗಳವಾಡಿ ಅಂಪೈರಿನ ಕೈಗೇ ಬ್ಯಾಟು ಕೊಟ್ಟ ಹಾಗೆ.

ಎರಡನೇ ಸಭೆಯಲ್ಲಿ ಲೆಕ್ಕ ತಿರುಗಿತು. ಕಾಂಗ್ರೆಸ್ 196, ಎಮಾಲೆ 175, ಮಾವೋವಾದಿಗಳು ಬರೀ 80. ಗುರುತಿನ ಆಧಾರದ ಪ್ರಾಂತ್ಯ ಬೇಕು ಅನ್ನುವವರ ಬಲ ಕುಸಿಯಿತು. ಈಗ ಹಳಬರು “ಬಹುಮತದಿಂದ ಮುಗಿಸೋಣ” ಅನ್ನತೊಡಗಿದರು, ಮಾವೋವಾದಿಗಳು “ಸಹಮತಿ ಬೇಕು” ಅಂದರು. ಯಾವ ಪದ ಯಾರ ಬಾಯಲ್ಲಿ ಬರುತ್ತದೆ ಅನ್ನೋದು ಯಾರ ಹತ್ತಿರ ಎಷ್ಟು ಸೀಟಿದೆ ಅನ್ನೋದರ ಮೇಲೆ. 2015ರ ಜನವರಿಯಲ್ಲಿ ಸಭೆಯೊಳಗೆ ಕುರ್ಚಿಗಳು ಹಾರಾಡಿದವು.

ಏಪ್ರಿಲ್ 25ರಂದು ಭೂಕಂಪ. ಸುಮಾರು 9,000 ಜನ ಸತ್ತರು. ಜನ ಟಾರ್ಪಾಲಿನ ಕೆಳಗೆ ಮಲಗಿದ್ದಾಗ, ಇವರು ಇನ್ನೂ ಕಚ್ಚಾಡುತ್ತಿದ್ದಾರಲ್ಲ ಅನ್ನುವ ಸಿಟ್ಟು ನಾಯಕರಿಗೂ ತಟ್ಟಿತು. ಜೂನ್ 8ರ ರಾತ್ರಿ ನಾಲ್ಕು ಪಕ್ಷಗಳ ನಾಯಕರು 16 ಅಂಶದ ಒಪ್ಪಂದಕ್ಕೆ ಸಹಿ ಹಾಕಿದರು. ಎಲ್ಲಿ? ಬಾಲುವಾಟಾರದಲ್ಲೇ. ಏಳು ವರ್ಷದಲ್ಲಿ ಆಗದ್ದು ಒಂದು ರಾತ್ರಿಯಲ್ಲಿ ಆಯಿತು. ಒಪ್ಪಂದದ ಚಾಲಾಕಿ ಏನೆಂದರೆ, ಎಂಟು ಪ್ರಾಂತ್ಯ ಇರುತ್ತವೆ, ಆದರೆ ಗಡಿ ಮತ್ತು ಹೆಸರು ಆಮೇಲೆ ನೋಡೋಣ ಅನ್ನುವುದು. ಗಡಿಯನ್ನು ಈ ಸಭೆಯೇ ತೀರ್ಮಾನಿಸಬೇಕು ಅಂತ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು. ಆಗಸ್ಟಿನಲ್ಲಿ ಎಂಟು ಹೋಗಿ ಆರಾಯಿತು. ಆರು ಅಂದದ್ದಕ್ಕೆ ಪಶ್ಚಿಮದ ಸುರ್ಖೇತ್ ಜಿಲ್ಲೆಯ ಕಡೆ ಜನ ಬೀದಿಗಿಳಿದಾಗ ಎರಡು ವಾರದೊಳಗೆ ಏಳಾಯಿತು. ಜನರ ಅಭಿಪ್ರಾಯ ಕೇಳಲು ಕೊಟ್ಟದ್ದು ಜುಲೈನಲ್ಲಿ ಎರಡು ದಿನ.

ತರಾಯಿ, ಅಂದರೆ ದಕ್ಷಿಣದ ಬಯಲು ಸೀಮೆ, ಹೊತ್ತಿ ಉರಿಯಿತು. ಕೈಲಾಲಿ ಜಿಲ್ಲೆಯ ಟೀಕಾಪುರದಲ್ಲಿ ಆಗಸ್ಟ್ 24ರಂದು ಎಂಟು ಪೊಲೀಸರು ಮತ್ತು ಒಂದು ಪುಟ್ಟ ಮಗು ಸತ್ತರು. ಥಾರು ಜನರ ಬಯಲು ಜಿಲ್ಲೆಗಳನ್ನು ಬೆಟ್ಟದ ಜಿಲ್ಲೆಗಳ ಜೊತೆ ಸೇರಿಸಿದ್ದು ಅಲ್ಲಿನ ಸಿಟ್ಟಿಗೆ ಕಾರಣ. ಆ ತಿಂಗಳುಗಳಲ್ಲಿ ಒಟ್ಟು 40ಕ್ಕೂ ಹೆಚ್ಚು ಸಾವು. ಇದರ ನಡುವೆಯೇ ಸೆಪ್ಟೆಂಬರ್ 16ರಂದು ಸಂವಿಧಾನಕ್ಕೆ 507 ಮತ ಬಿದ್ದವು, ವಿರುದ್ಧ 25. ಮಧೇಸಿ ಪಕ್ಷಗಳ ಹೆಚ್ಚಿನ ಸದಸ್ಯರು ಬಹಿಷ್ಕರಿಸಿದ್ದರು. 20ರಂದು ರಾಷ್ಟ್ರಪತಿ ರಾಮ್ ಬರಣ್ ಯಾದವ್ ಪ್ರತಿಯನ್ನು ಹಣೆಗೊತ್ತಿಕೊಂಡು ಜಾರಿ ಘೋಷಿಸಿದರು. ಅವರು ಸ್ವತಃ ಮಧೇಸಿ. ಆ ರಾತ್ರಿ ಕಠ್ಮಂಡುವಿನಲ್ಲಿ ದೀಪ ಹಚ್ಚಿದರು. ಅವರದೇ ಬಯಲು ಸೀಮೆಯಲ್ಲಿ ಕರಾಳ ದಿನ.

ಇಷ್ಟೆಲ್ಲ ಬರೆಯುವ ಬಗೆ ಆಯಿತು. ಬರೆದದ್ದರಲ್ಲಿ ಇದು ಎಲ್ಲಿ ಕಾಣುತ್ತದೆ? ಮೂರು ಕಡೆ ತೋರಿಸುತ್ತೇನೆ.

ಮೊದಲು ಲೆಕ್ಕ. ಸಂವಿಧಾನ ಸಭೆಗೆ ಚುನಾವಣೆಯಿಂದ ಬಂದ 575 ಸ್ಥಾನಗಳಲ್ಲಿ ಪ್ರಮಾಣದ ಲೆಕ್ಕದವು 335, ಅಂದರೆ ಶೇ. 58. ಆ ಸಭೆಗಳು ಬರೆದ ಸಂವಿಧಾನದ ಕೆಳಮನೆಯಲ್ಲಿ 275 ಸ್ಥಾನಕ್ಕೆ 110 ಮಾತ್ರ, ಶೇ. 40. ಏಣಿ ಹತ್ತಿ ಬಂದವರ ಸಂಖ್ಯೆ ನೋಡಿ ಏಣಿಯನ್ನೇ ಗಿಡ್ಡ ಮಾಡಿದರು.

ಎರಡನೆಯದು ಒಂದು ಅಕ್ಷರದ ಜಗಳ. ಮಗು ವಂಶದ ಆಧಾರದಲ್ಲಿ ನೇಪಾಳಿ ಆಗಬೇಕಾದರೆ ತಂದೆ “ಮತ್ತು” ತಾಯಿ ನೇಪಾಳಿ ಆಗಿರಬೇಕಾ, ತಂದೆ “ಅಥವಾ” ತಾಯಿ ಸಾಕಾ? ನೇಪಾಳಿಯಲ್ಲಿ “ರ” ಮತ್ತು “ವಾ”. 2015ರ ಕರಡಿನಲ್ಲಿ “ಮತ್ತು” ಬಂತು. ಮಹಿಳೆಯರು ಪ್ರತಿಭಟಿಸಿದರು, ಕೊನೆಯ ಪಠ್ಯದಲ್ಲಿ “ಅಥವಾ” ಮರಳಿತು. ಗೆದ್ದರು ಅಂದುಕೊಂಡು ಅದೇ 11ನೇ ವಿಧಿಯನ್ನು ಕೆಳಗೆ ಓದುತ್ತಾ ಹೋದರೆ, ವಿದೇಶಿಯನ್ನು ಮದುವೆಯಾದ ನೇಪಾಳಿ ಹೆಣ್ಣುಮಗಳ ಮಗುವಿಗೆ ಅಂಗೀಕೃತ ಪೌರತ್ವ ಮಾತ್ರ. ಅದು ಸರ್ಕಾರ ಕೊಟ್ಟರೆ ಉಂಟು ಅನ್ನುವ ಥರದ್ದು. ಅಂಥ ಪೌರರು ದೇಶದ ಅತಿ ದೊಡ್ಡ ಹುದ್ದೆಗಳಿಗೆ ಏರುವಂತಿಲ್ಲ. ವಿದೇಶಿ ಅಂದರೆ ಇಲ್ಲಿ ಮುಖ್ಯವಾಗಿ ಬಿಹಾರ, ಉತ್ತರ ಪ್ರದೇಶದ ಗಂಡು. ಗಡಿಯಾಚೆಯ ಮದುವೆಗಳು ಮಧೇಸಿಗಳಲ್ಲಿ ತಲೆಮಾರುಗಳಿಂದ ಇವೆ. ಗಂಡಾಳಿಕೆ ಮತ್ತು ಭಾರತದ ಭಯ, ಎರಡೂ ಸೇರಿ ಒಂದು ಉಪವಿಧಿ ಆಗಿದೆ.

ಮೂರನೆಯದೇ ನನಗೆ ಅತಿ ಕುತೂಹಲದ್ದು. 1990ರ ಸಂವಿಧಾನದಡಿ ಪ್ರಧಾನಿಗಳು ತಮ್ಮ ಪಕ್ಷದೊಳಗೆ ಜಗಳ ಬಂದರೆ ಸಂಸತ್ತನ್ನೇ ವಿಸರ್ಜಿಸುತ್ತಿದ್ದರು. 1994ರಲ್ಲಿ ಗಿರಿಜಾ ಪ್ರಸಾದ್ ಕೊಯಿರಾಲಾ ಮಾಡಿದರು, 2002ರಲ್ಲಿ ಶೇರ್ ಬಹಾದುರ್ ದೇವುಬಾ ಮಾಡಿದರು. ಆ ಎರಡನೆಯದರ ಹಿಂದೆಯೇ ರಾಜ ಒಳಗೆ ಬಂದು ಕೂತರು. ಈ ಗಾಯ ನೆನಪಿಟ್ಟುಕೊಂಡೇ 2015ರಲ್ಲಿ ಬೀಗ ಹಾಕಿದರು: ಸರ್ಕಾರ ರಚಿಸುವ ಎಲ್ಲ ದಾರಿಯೂ ಮುಗಿದ ಮೇಲಷ್ಟೇ ವಿಸರ್ಜನೆ, ಮತ್ತು ಮೊದಲ ಎರಡು ವರ್ಷ ಅವಿಶ್ವಾಸ ನಿರ್ಣಯವೂ ಇಲ್ಲ. ಬರೆದವರ ಉದ್ದೇಶ ಸ್ಪಷ್ಟ. ಆದರೆ 2020ರ ಡಿಸೆಂಬರ್ 20ರಂದು ಪಕ್ಷದೊಳಗೆ (ಎಮಾಲೆ, ಮಾವೋವಾದಿಗಳು ಅಷ್ಟರಲ್ಲಿ ಸೇರಿ ಒಂದೇ ಪಕ್ಷವಾಗಿದ್ದರು) ಪ್ರಚಂಡ ಜೊತೆ ಜಗಳ ಜಾಸ್ತಿ ಆದಾಗ ಪ್ರಧಾನಿ ಕೆ.ಪಿ. ಶರ್ಮಾ ಓಲಿ ಅದನ್ನೇ ಮಾಡಿದರು. 2015ರ ಆ ಒಪ್ಪಂದಕ್ಕೆ ಸಹಿ ಹಾಕಿದ ನಾಲ್ವರಲ್ಲಿ ಒಬ್ಬರು ಇದೇ ಓಲಿ. ಕೋರ್ಟ್ ಫೆಬ್ರವರಿಯಲ್ಲಿ ಸಂಸತ್ತನ್ನು ಮರಳಿ ಕೂರಿಸಿತು. ಮೇ ತಿಂಗಳ ಒಂದು ಮಧ್ಯರಾತ್ರಿ ಮತ್ತೆ ವಿಸರ್ಜನೆ. ಜುಲೈ 12ರಂದು ಕೋರ್ಟ್ ಈ ಸಲ ದೇವುಬಾ ಅವರನ್ನು ಪ್ರಧಾನಿ ಮಾಡಿ ಅಂತ ಹೆಸರು ಹಿಡಿದೇ ಆದೇಶಿಸಿತು. ಹೌದು, 2002ರ ಅದೇ ದೇವುಬಾ.

ಬೇರೆ ಥರದ ರೂಢಿ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ದಕ್ಷಿಣ ಆಫ್ರಿಕಾ ನೋಡಬಹುದು. ಅಲ್ಲಿನ ಸಂವಿಧಾನ ಸಭೆಯ ಅಧ್ಯಕ್ಷ ಸಿರಿಲ್ ರಾಮಫೋಸಾ ಗಣಿ ಕಾರ್ಮಿಕರ ಸಂಘದಿಂದ ಬಂದವರು. ಸಂಬಳದ ಮಾತುಕತೆಗೆ ಕೂತು ಬೈದಾಡಿ, ಮುಷ್ಕರ ಮಾಡಿ, ಮತ್ತೆ ಅದೇ ಮೇಜಿಗೆ ಬಂದು ಸಹಿ ಹಾಕಿ, ಹಾಕಿದ ಸಹಿಗೆ ನಿಲ್ಲುವುದು ಅಲ್ಲಿ ಕಲಿತ ಪಾಠ. 1993ರಲ್ಲೇ 34 ಮೂಲತತ್ವಗಳನ್ನು ಬಿಳಿಯರ ಸರ್ಕಾರ, ಮಂಡೇಲಾ ಪಕ್ಷ ಎರಡೂ ಕಡೆಯವರು ಒಪ್ಪಿ, ಹೊಸ ಸಂವಿಧಾನ ಇವಕ್ಕೆ ಹೊಂದುತ್ತದಾ ಅಂತ ಕೋರ್ಟ್ ನೋಡಲಿ ಅಂದರು. 1996ರ ಸೆಪ್ಟೆಂಬರಿನಲ್ಲಿ ಕೋರ್ಟ್ ಹೊಂದುವುದಿಲ್ಲ ಅಂತ ವಾಪಸ್ ಕಳಿಸಿತು. ಯಾರೂ ಕುರ್ಚಿ ಎಸೆಯಲಿಲ್ಲ, ತಿದ್ದಿ ತಂದರು, ಡಿಸೆಂಬರಿನಲ್ಲಿ ಕೋರ್ಟ್ ಒಪ್ಪಿತು. ದಕ್ಷಿಣ ಆಫ್ರಿಕಾ ಸ್ವರ್ಗ ಅಂತ ನಾನು ಹೇಳುತ್ತಿಲ್ಲ, ಅಲ್ಲಿನ ಅಸಮಾನತೆ ಹಾಗೇ ಇದೆ. ಚೌಕಾಸಿ ಎರಡೂ ಕಡೆ ಇತ್ತು. ಒಂದು ಕಡೆ ಚೌಕಾಸಿಗೂ ನಿಯಮ ಇತ್ತು, ಇನ್ನೊಂದು ಕಡೆ ನಿಯಮವೇ ಚೌಕಾಸಿಗೆ ಬಿದ್ದಿತ್ತು.

ಹಾಗಾದರೆ ಎಲ್ಲವೂ ರೂಢಿಯ ಹಣೆಬರಹವೇ? ಅದನ್ನೂ ಒಪ್ಪಲಾಗದು. 2007ರ ಜನವರಿಯಲ್ಲಿ ಮಧ್ಯಂತರ ಸಂವಿಧಾನ ಜಾರಿಯಾದ ಮರುದಿನವೇ ಮಧೇಸಿಗಳು ಅದರ ಪ್ರತಿ ಸುಟ್ಟರು. ಅದರಲ್ಲಿ ಒಕ್ಕೂಟ ಅನ್ನುವ ಪದವೇ ಇರಲಿಲ್ಲ. ಬೀದಿಯ ಒತ್ತಡಕ್ಕೆ ತಿದ್ದುಪಡಿ ಬಂತು, ಇವತ್ತು ನೇಪಾಳದಲ್ಲಿ ಏಳು ಪ್ರಾಂತ್ಯ ಸರ್ಕಾರಗಳಿವೆ. ಹೆಸರಿಡುವುದಕ್ಕೆ ಸಹಮತಿ ಆಗದೆ ಮಗುವನ್ನು ನಾಮಕರಣ ಇಲ್ಲದೆ ಶಾಲೆಗೆ ಸೇರಿಸಿದ ಹಾಗೆ ಒಂದು, ಎರಡು ಅಂತ ನಂಬರಿನಲ್ಲೇ ಶುರು ಮಾಡಿದರು. ಒಂದನೇ ಪ್ರಾಂತ್ಯಕ್ಕೆ ಕೋಶಿ ಅಂತ ಹೆಸರಾದದ್ದು 2023ರಲ್ಲಿ, ಅದಕ್ಕೂ ಗಲಾಟೆ. ಆದರೂ ಪ್ರಾಂತ್ಯ ಇದೆಯಲ್ಲ. ರಾಷ್ಟ್ರಪತಿ, ಉಪರಾಷ್ಟ್ರಪತಿ ಬೇರೆ ಬೇರೆ ಲಿಂಗ ಅಥವಾ ಸಮುದಾಯದವರಾಗಿರಬೇಕು, ಸಂಸತ್ತಿನಲ್ಲಿ ಮೂರನೇ ಒಂದು ಭಾಗ ಮಹಿಳೆಯರು ಇರಲೇಬೇಕು ಅನ್ನುವ ಸಾಲುಗಳು ಚಾಕರಿಯಿಂದ ಬಂದವಲ್ಲ, ಬೀದಿಯಿಂದ ಬಂದವು. ಬೀದಿಗಿಳಿದು ಸಂವಿಧಾನ ಬದಲಿಸುವುದೂ ಅಲ್ಲಿನ ಒಂದು ರೂಢಿಯೇ.

2025ರ ಸೆಪ್ಟೆಂಬರಿನಲ್ಲಿ ಅದು ಮತ್ತೆ ಕಂಡಿತು. 8 ಮತ್ತು 9ರಂದು ಯುವಜನ ಬೀದಿಗಿಳಿದರು, ಗೋಲಿಬಾರ್ ಆಯಿತು, ಸಿಂಹದರ್ಬಾರ್ ಮತ್ತು ಸಂಸತ್ ಭವನ ಹೊತ್ತಿ ಉರಿದವು, ಓಲಿ ರಾಜೀನಾಮೆ ಕೊಟ್ಟರು. ಮುಂದಿನ ಪ್ರಧಾನಿ ಯಾರು ಅನ್ನುವ ಚರ್ಚೆ ಈ ಸಲ ಬಾಲುವಾಟಾರದಲ್ಲಿ ಶುರುವಾಗಲಿಲ್ಲ. ಹುಡುಗರು ಡಿಸ್ಕಾರ್ಡ್ ಅನ್ನುವ ಚಾಟ್ ಆ್ಯಪಿನಲ್ಲಿ ಮಾತಾಡಿ, ಅಲ್ಲೇ ಮತ ಹಾಕಿ ಒಂದು ಹೆಸರು ಮುಂದಿಟ್ಟರು: ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ. ಸಂವಿಧಾನದ 76ನೇ ವಿಧಿ ಪ್ರಕಾರ ಪ್ರಧಾನಿ ಸಂಸದರಾಗಿರಬೇಕು, ಕಾರ್ಕಿ ಸಂಸದರಲ್ಲ. ಮತ್ತೆ ನಿಯಮದ ಹೊರಗೇ ದಾರಿ ಹುಡುಕಿದರು, ಮತ್ತೆ ಅಂಪೈರಿನ ಕೈಗೇ ಬ್ಯಾಟು. 12ರ ರಾತ್ರಿ ಅವರಿಗೆ ಪ್ರಮಾಣವಚನ ಬೋಧಿಸಿದ ರಾಷ್ಟ್ರಪತಿ ಯಾರು ಗೊತ್ತಾ? ರಾಮಚಂದ್ರ ಪೌಡೆಲ್, 2010ರಲ್ಲಿ ಒಬ್ಬರೇ ನಿಂತು ಮತ್ತೆ ಮತ್ತೆ ಸೋತವರು.